ಅತ್ತರೆ ಕಾಯಿಲೆ ಜಾಸ್ತಿ ಆಗುತ್ತಾ?

ಪ್ರಶ್ನೆ: ನನಗೆ 52 ವರ್ಷ. ಸಕಲೇಶಪುರದ ಹತ್ತಿರ ಹಳ್ಳಿ, ನಾಲ್ಕು ಎಕರೆ ಕಾಫಿ ತೋಟ. ಹೋದ ಮಳೆಗಾಲದಲ್ಲಿ ಕೆಮ್ಮು ಶುರುವಾಯಿತು. ಮೊದಲು ಅಲರ್ಜಿ ಅಂದರು, ಆಮೇಲೆ ಟಿಬಿ ಅಂತ ಮಾತ್ರೆ ಕೊಟ್ಟರು. ಕೊನೆಗೆ ಬೆಂಗಳೂರಿನಲ್ಲಿ ಬಯಾಪ್ಸಿ ಮಾಡಿ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ ಅಂದರು. ಇಜಿಎಫ್‌ಆರ್ ಅನ್ನುವ ಪರೀಕ್ಷೆ ಪಾಸಿಟಿವ್ ಬಂತು. ಐದು ತಿಂಗಳಿಂದ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದೇನೆ. ಕೆಮ್ಮು ಕಡಿಮೆಯಾಗಿದೆ, ಊಟ ಸೇರುತ್ತಿದೆ. ಆದರೆ ಮನಸ್ಸು ಸರಿಯಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ತೋಟದ ಏರು ಹತ್ತುವಾಗ ಸ್ವಲ್ಪ ಏದುಸಿರು ಬಂದರೂ ಆಯ್ತು, ಮುಗಿಯಿತು ಅನ್ನಿಸುತ್ತದೆ. ನಾನು ಬೀಡಿ ಸಿಗರೇಟು ಮುಟ್ಟಿದವಳಲ್ಲ, ನಿನಗೆ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಓರಗಿತ್ತಿ ನನಗೇ ಬೇರೆ ಲೋಟ ಇಟ್ಟಿದ್ದಾಳೆ. ಮಗಳು ಹಾಸನದ ಹಾಸ್ಟೆಲ್‌ನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಾಳೆ, ಅವಳಿಗೆ ಟಿಬಿ ಅಂತಲೇ ಹೇಳಿದ್ದೇವೆ. ಯಜಮಾನರು ‘ಅಳಬೇಡ, ಅತ್ತರೆ ಕಾಯಿಲೆ ಜಾಸ್ತಿ ಆಗುತ್ತೆ, ಧೈರ್ಯವಾಗಿರು’ ಅನ್ನುತ್ತಾರೆ. ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕುವಾಗ ಅಳುತ್ತೇನೆ. ಯಾರಾದರೂ ನೋಡಿದರೆ ಹೊಗೆ ಅಂತೀನಿ. ಮುಂದಿನ ತಿಂಗಳು ಸ್ಕ್ಯಾನ್ ಇದೆ. ನನ್ನ ಅಳುವೇ ಕಾಯಿಲೆಯನ್ನು ಬೆಳೆಸುತ್ತಿದೆಯಾ?

ಉತ್ತರ: ಇಲ್ಲ ಅಮ್ಮಾ. ನೀವು ಅತ್ತರೆ ಕ್ಯಾನ್ಸರ್ ಬೆಳೆಯುವುದಿಲ್ಲ.

ಇದನ್ನು ನಿಮ್ಮ ಸಮಾಧಾನಕ್ಕೆ ಅಂತ ಹೇಳುತ್ತಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಕೊಯ್ನ್ ಮತ್ತು ಅವರ ಜೊತೆಗಾರರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಜನರ ಲೆಕ್ಕ ತೆಗೆದು ನೋಡಿದರು. ಚಿಕಿತ್ಸೆ ಶುರುವಾಗುವಾಗ ಯಾರ ಮನಸ್ಸು ಗಟ್ಟಿಯಾಗಿತ್ತು, ಯಾರು ಕುಗ್ಗಿದ್ದರು ಅಂತ ಮೊದಲೇ ಬರೆದಿಟ್ಟುಕೊಂಡಿದ್ದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಯಾರು ಎಷ್ಟು ಕಾಲ ಬದುಕಿದರು ಅನ್ನುವುದಕ್ಕೂ ಅವರ ಮನಸ್ಸಿನ ಸ್ಥಿತಿಗೂ ಸಂಬಂಧ ಕಾಣಲಿಲ್ಲ. ನಿಮ್ಮ ಕೆಮ್ಮು ಕಡಿಮೆಯಾಗಿರುವುದು ಮಾತ್ರೆಯಿಂದ. ಬೆಳಿಗ್ಗೆ ಒಲೆ ಮುಂದೆ ಕೂತು ಅತ್ತಿದ್ದೀರಿ ಅಂತ ಆ ಮಾತ್ರೆ ಕೆಲಸ ನಿಲ್ಲಿಸುವುದಿಲ್ಲ.

ಹಾಗಾದರೆ ಯಜಮಾನರು ಯಾಕೆ ಹಾಗನ್ನುತ್ತಾರೆ? ನಾನು ಕ್ಯಾನ್ಸರ್ ಇರುವವರ ನೋವು, ಉಸಿರಾಟ, ನಿದ್ದೆ, ಮನಸ್ಸು ಇವನ್ನೆಲ್ಲ ನೋಡುವ ವೈದ್ಯೆ. ಉಪಶಮನ ಚಿಕಿತ್ಸೆ ಅನ್ನುತ್ತಾರೆ. ನನ್ನ ಕೋಣೆಗೆ ಬರುವ ಗಂಡಸರಲ್ಲಿ ಅರ್ಧ ಜನ ಇದೇ ಮಾತು ಹೇಳುತ್ತಾರೆ. ಹೆಂಡತಿಯನ್ನು ಒಳಗೆ ಕೂರಿಸಿ, ಹೊರಗೆ ಬಂದು, ಸ್ಕ್ಯಾನ್ ಕವರನ್ನು ಎದೆಗೆ ಒತ್ತಿ ಹಿಡಿದು, ‘ಡಾಕ್ಟ್ರಮ್ಮಾ, ಅವಳಿಗೆ ಸ್ವಲ್ಪ ಧೈರ್ಯ ಹೇಳಿ’ ಅನ್ನುತ್ತಾರೆ. ಅಷ್ಟರಲ್ಲಿ ಅವರದ್ದೇ ಗಂಟಲು ಕಟ್ಟಿರುತ್ತದೆ. ನೀವು ಅತ್ತರೆ ತಾನೂ ಅತ್ತುಬಿಡುತ್ತೇನೆ ಅನ್ನುವ ಭಯ ಅವರಿಗೆ. ‘ಧೈರ್ಯವಾಗಿರು’ ಅನ್ನುವುದು ಅವರು ಅವರಿಗೇ ಹೇಳಿಕೊಳ್ಳುವ ಮಾತು. ಆದರೆ ಅದರಿಂದ ನಿಮ್ಮ ಮೇಲೆ ಎರಡು ಹೊರೆ ಬಿತ್ತು. ಕಾಯಿಲೆ ಒಂದು, ಕಾಯಿಲೆಗೆ ಹೆದರಬಾರದು ಅನ್ನುವುದು ಇನ್ನೊಂದು. ಎರಡನೆಯದನ್ನು ಇವತ್ತೇ ಕೆಳಗಿಡಬಹುದು.

ಒಂದು ಸಂಜೆ ಯಜಮಾನರ ಪಕ್ಕ ಕೂತು ಹೀಗೆ ಹೇಳಿ ನೋಡಿ: ‘ನೀವು ನನಗೆ ಧೈರ್ಯ ಹೇಳಬೇಡಿ. ನಾನು ಅಳುವಾಗ ಹತ್ತು ನಿಮಿಷ ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು.’ ಗಂಡಸರಿಗೆ ಏನು ಮಾಡಬೇಕು ಅಂತ ಒಂದು ಕೆಲಸ ಹೇಳಿದರೆ ಅವರು ಮಾಡುತ್ತಾರೆ. ಏನೂ ಹೇಳದಿದ್ದರೆ ತೋಟಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಾರೆ.

ಇನ್ನು ‘ನಿನಗೆ ಹೇಗೆ ಬಂತು’ ಅನ್ನುವ ಪ್ರಶ್ನೆ. ಕೇಳುವವರಿಗೆ ಕುತೂಹಲ, ಕೇಳಿಸಿಕೊಳ್ಳುವವರಿಗೆ ಅದು ಆರೋಪ. ಶ್ವಾಸಕೋಶದ ಕ್ಯಾನ್ಸರ್‌ಗೆ ದೊಡ್ಡ ಕಾರಣ ತಂಬಾಕಿನ ಹೊಗೆಯೇ, ಅದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ದೇಶದಲ್ಲಿ ಈ ಕಾಯಿಲೆ ಬರುವ ಹೆಂಗಸರಲ್ಲಿ ಹೆಚ್ಚಿನವರು ಬೀಡಿ ಸಿಗರೇಟು ಮುಟ್ಟದವರೇ. ನಿಮ್ಮ ಇಜಿಎಫ್‌ಆರ್ ಪರೀಕ್ಷೆ ಪಾಸಿಟಿವ್ ಬಂದಿದೆಯಲ್ಲ, ಅದು ಜೀವಕೋಶ ಬೆಳೆಯಲು ಸೂಚನೆ ಕೊಡುವ ಒಂದು ಜೀನ್‌ನಲ್ಲಿ ಆದ ಬದಲಾವಣೆ. ಸ್ವಿಚ್ ಒತ್ತಿದಲ್ಲೇ ಸಿಕ್ಕಿಕೊಂಡ ಹಾಗೆ. ಏಷ್ಯಾದವರಲ್ಲಿ, ಅದರಲ್ಲೂ ಹೊಗೆ ಸೇದದ ಹೆಂಗಸರಲ್ಲಿ ಇದು ಜಾಸ್ತಿ ಕಾಣುತ್ತದೆ. ನಿಮ್ಮ ಮಾತ್ರೆ ಆ ಸ್ವಿಚ್ಚನ್ನೇ ಆರಿಸುತ್ತದೆ. ಈ ಬದಲಾವಣೆ ಸಾಮಾನ್ಯವಾಗಿ ಬದುಕಿನ ನಡುವೆ ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ ಆಗುವಂಥದ್ದು. ತಾಯಿಯಿಂದ ಮಗಳಿಗೆ ದಾಟುವ ಗುಣವಲ್ಲ. ಮೂರು ಗಂಟೆ ರಾತ್ರಿಯಲ್ಲಿ ಈ ಯೋಚನೆಯೂ ಬಂದಿರುತ್ತದೆ ಅಂತ ನನಗೆ ಗೊತ್ತು, ಅದಕ್ಕೇ ಹೇಳಿದೆ.

ಸೇದಿದವರಿಗೂ ಒಂದು ಮಾತು. ಈ ಅಂಕಣವನ್ನು ಬೀಡಿ ಸೇದಿ ಕಾಯಿಲೆ ತಂದುಕೊಂಡೆ ಅಂತ ಕೊರಗುವವರೂ ಓದುತ್ತಿರುತ್ತಾರೆ. ನಿಮ್ಮ ನೋವು ಕಡಿಮೆ ನೋವಲ್ಲ, ನಿಮ್ಮ ಚಿಕಿತ್ಸೆ ಕಡಿಮೆ ಹಕ್ಕಲ್ಲ. ಈಗ ಬಿಟ್ಟರೂ ಲಾಭವಿದೆ. ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ, ಉಸಿರು ಹಗುರವಾಗುತ್ತದೆ.

ಟಿಬಿ ಮಾತ್ರೆ ತಿಂದ ತಿಂಗಳುಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಆ ಸಾಲಿನಲ್ಲಿ ಸಿಟ್ಟು ಇದೆ ಅಂತ ನನಗೆ ಅನ್ನಿಸಿತು. ಸಿಟ್ಟು ಬರಬೇಕಾದದ್ದೇ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಬಿಳಿ ಮಚ್ಚೆಯಾಗಿ ಕಾಣಬಹುದು, ನಮ್ಮಲ್ಲಿ ಟಿಬಿ ಜಾಸ್ತಿ ಇರುವುದರಿಂದ ಮೊದಲು ಅದೇ ನೆನಪಾಗುತ್ತದೆ. ಕಫದಲ್ಲಿ ಟಿಬಿ ರೋಗಾಣು ಸಿಗದಿದ್ದರೆ, ಮಾತ್ರೆಗೆ ಕೆಮ್ಮು ಬಗ್ಗದಿದ್ದರೆ ಬೇಗ ಸಿಟಿ ಸ್ಕ್ಯಾನ್ ಮಾಡಿಸಬೇಕು. ಇದನ್ನು ನಾವು ವೈದ್ಯರು ಇನ್ನೂ ಸರಿಯಾಗಿ ಕಲಿತಿಲ್ಲ, ಅದಕ್ಕೆ ನನಗೆ ಬೇಸರವಿದೆ. ಆದರೆ ‘ನಾನೇ ಬೆಂಗಳೂರಿಗೆ ಮೊದಲೇ ಹೋಗಬೇಕಿತ್ತು’ ಅಂತ ಆ ಸಿಟ್ಟನ್ನು ನಿಮ್ಮ ಮೇಲೇ ತಿರುಗಿಸಿಕೊಳ್ಳಬೇಡಿ. ಕೊಟ್ಟ ಮಾತ್ರೆಯನ್ನು ನಂಬಿ ತಿಂದಿರಿ. ಅದು ತಪ್ಪಲ್ಲ.

ನಾಲ್ಕನೇ ಹಂತ ಅಂದರೆ ಏನು ಅಂತ ನಿಮಗೆ ಯಾರೂ ಕೂತು ಹೇಳಿದ ಹಾಗಿಲ್ಲ. ಹುಟ್ಟಿದ ಜಾಗ ಬಿಟ್ಟು ಬೇರೆ ಕಡೆಗೂ ಹರಡಿದೆ ಅಂತ ಅರ್ಥ. ದಿನ ಎಣಿಸಿ ಅಂತ ಅರ್ಥವಲ್ಲ. ನಿಮ್ಮ ಮಾತ್ರೆ ಕ್ಯಾನ್ಸರನ್ನು ಬೇರುಸಮೇತ ಕೀಳುವುದಿಲ್ಲ, ಹಿಡಿತದಲ್ಲಿಡುತ್ತದೆ. ಮುಂದೊಂದು ದಿನ ಹೆಚ್ಚಿನವರಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಆಗ ಮತ್ತೆ ಪರೀಕ್ಷೆ ಮಾಡಿ ಬೇರೆ ಚಿಕಿತ್ಸೆ ನೋಡುತ್ತಾರೆ. ಕೆಲವರಿಗೆ ತಿಂಗಳುಗಳಲ್ಲೇ ಆ ದಿನ ಬರುತ್ತದೆ, ಕೆಲವರು ವರ್ಷಗಟ್ಟಲೆ ಅದೇ ಮಾತ್ರೆಯಲ್ಲಿ ತೋಟ, ಮನೆ, ಮದುವೆ, ತಿಥಿ ಎಲ್ಲ ಮಾಡಿಕೊಂಡಿರುತ್ತಾರೆ. ನೀವು ಯಾವ ಗುಂಪು ಅಂತ ಇವತ್ತು ಯಾರೂ ಹೇಳಲಾರರು. ಐದು ತಿಂಗಳಲ್ಲಿ ಕೆಮ್ಮು ತಗ್ಗಿದೆ, ಊಟ ಸೇರುತ್ತಿದೆ ಅನ್ನುವುದು ಒಳ್ಳೆಯ ಸೂಚನೆ. ಅದನ್ನು ಅಷ್ಟೇ ಅಂತ ಇಟ್ಟುಕೊಳ್ಳಿ, ಕಡಿಮೆಯೂ ಬೇಡ, ಜಾಸ್ತಿಯೂ ಬೇಡ.

ಸ್ಕ್ಯಾನ್ ಹತ್ತಿರ ಬಂದಾಗ ಭಯ ಏರುವುದು ಎಲ್ಲರಿಗೂ ಆಗುವಂಥದ್ದೇ. ಒಂದು ವಾರ ಮೊದಲೇ ಶುರುವಾಗುತ್ತದೆ, ರಿಪೋರ್ಟ್ ಕೈಗೆ ಬರುವ ತನಕ ಇರುತ್ತದೆ. ಯಸಳೂರು ಕಡೆಯ ಒಬ್ಬ ಬೆಳೆಗಾರರು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳುತ್ತಿದ್ದರು. ಅವರು ಒಮ್ಮೆ ಹೇಳಿದ್ದು ನನಗೆ ಮರೆತಿಲ್ಲ. ‘ಡಾಕ್ಟ್ರಮ್ಮಾ, ಆನೆ ಮೇಲಿನ ತೋಟದಲ್ಲಿದೆ ಅಂತ ಫೋನಿಗೆ ಮೆಸೇಜ್ ಬಂದರೆ ನಾವು ಕೆಳಗಿನ ತೋಟದಲ್ಲಿ ಆಳು ಬಿಟ್ಟು ಕೆಲಸ ಮಾಡಿಸ್ತೀವಿ. ಎಲ್ಲಿದೆ ಅಂತ ಗೊತ್ತಿಲ್ಲದ ದಿನವೇ ಕಷ್ಟ.’ ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಕ್ಯಾನ್ ಕೂಡ ಆ ಮೆಸೇಜ್ ಥರವೇ. ಆನೆಯನ್ನು ಅದು ತರುವುದಿಲ್ಲ, ಎಲ್ಲಿದೆ ಅಂತ ಹೇಳುತ್ತದೆ ಅಷ್ಟೆ.

ಅದಕ್ಕೆ ಕೆಲವು ಸಿದ್ಧತೆ ಮಾಡಿಕೊಳ್ಳಿ. ರಿಪೋರ್ಟ್ ಯಾವತ್ತು ಬರುತ್ತದೆ, ಯಾರು ಓದಿ ಹೇಳುತ್ತಾರೆ ಅಂತ ಸ್ಕ್ಯಾನ್ ದಿನವೇ ಕೇಳಿ. ನಡುವಿನ ದಿನಗಳಲ್ಲಿ ಆ ಕಾಗದವನ್ನು ಫೋನಿನಲ್ಲಿ ತೆಗೆದು ಒಂದೊಂದೇ ಪದ ಹುಡುಕಬೇಡಿ. ಅದು ವೈದ್ಯರು ವೈದ್ಯರಿಗೆ ಬರೆಯುವ ಭಾಷೆ, ಅದರಲ್ಲಿ ಹೆದರಿಸುವ ಪದಗಳು ಸುಮ್ನೆ ಸುಮ್ನೆ ಇರುತ್ತವೆ. ಡಾಕ್ಟರ ಹತ್ತಿರ ಹೋಗುವಾಗ ಕೇಳಬೇಕಾದ್ದನ್ನು ಕ್ಯಾಲೆಂಡರ್ ಹಿಂದೆಯೋ ಮಗಳ ಹಳೇ ನೋಟ್‌ಬುಕ್ಕಿನಲ್ಲೋ ಬರೆದುಕೊಂಡು ಹೋಗಿ. ಅಲ್ಲಿ ಕೂತ ತಕ್ಷಣ ಎಲ್ಲವೂ ಮರೆತುಹೋಗುತ್ತದೆ. ಬೆಂಗಳೂರಿಗೆ ರೈಲಿನಲ್ಲಿ ಹೋಗುವುದಾದರೆ, ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೂ ಜೊತೆಯಲ್ಲಿ ಬರುವ ಒಬ್ಬರಿಗೂ ಟಿಕೆಟ್‌ನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರ ಪ್ರಮಾಣಪತ್ರ ಕೇಳಿ ತೆಗೆದುಕೊಳ್ಳಿ.

ರಾತ್ರಿ ಮೂರು ಗಂಟೆ. ಆ ಹೊತ್ತಿಗೆ ಎಲ್ಲ ಯೋಚನೆಯೂ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಹಾಸಿಗೆಯಲ್ಲೇ ಹೊರಳಾಡಬೇಡಿ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಹೊರಗಿನ ಕೋಣೆಗೆ ಬನ್ನಿ, ಸಣ್ಣ ದೀಪ ಹಚ್ಚಿ, ಕೈಗೆ ಒಂದು ಕೆಲಸ ಕೊಡಿ. ನನ್ನ ಒಬ್ಬ ರೋಗಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಮನೆಯಲ್ಲಿ ಡಬ್ಬಿ ತುಂಬಾ ಬೆಳ್ಳುಳ್ಳಿ ಅಂತ ಸೊಸೆ ನಗುತ್ತಿದ್ದಳಂತೆ. ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ನಿಲ್ಲಿಸಿ. ಸಂಜೆ ನಾಲ್ಕರ ನಂತರ ಕಾಫಿ ಬೇಡ. ಕಾಫಿ ಸೀಮೆಯವರಿಗೆ ಈ ಮಾತು ಕಷ್ಟ ಅಂತ ಗೊತ್ತು, ಆದರೂ ಒಂದು ವಾರ ಮಾಡಿ ನೋಡಿ.

ಏರು ಹತ್ತುವಾಗಿನ ಏದುಸಿರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಉಸಿರು ಸಾಲದಾದಾಗ ಭಯ ಹುಟ್ಟುತ್ತದೆ. ಭಯ ಹುಟ್ಟಿದರೆ ಉಸಿರು ಮೇಲೆ ಮೇಲೆ, ಬೇಗ ಬೇಗ ಆಗುತ್ತದೆ. ಆಗ ಗಾಳಿ ಇನ್ನೂ ಸಾಲದು ಅನ್ನಿಸುತ್ತದೆ. ಈ ಸುತ್ತನ್ನು ನಡುವೆ ಕತ್ತರಿಸಬೇಕು. ನಿಂತಲ್ಲೇ ನಿಲ್ಲಿ. ಸಿಲ್ವರ್ ಮರವೋ ಬೇಲಿ ಗೂಟವೋ ಹಿಡಿದು ಸ್ವಲ್ಪ ಮುಂದೆ ಬಾಗಿ. ಮೂಗಿನಿಂದ ಉಸಿರು ತೆಗೆದುಕೊಂಡು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಸಣ್ಣದು ಮಾಡಿ ನಿಧಾನಕ್ಕೆ ಬಿಡಿ. ಒಳಗೆ ಎರಡು ಎಣಿಸಿದರೆ ಹೊರಗೆ ನಾಲ್ಕು. ಮನೆಯಲ್ಲಿದ್ದರೆ ಅಡಿಕೆ ಹಾಳೆಯ ಬೀಸಣಿಗೆಯಿಂದ ಮೂಗು, ಕೆನ್ನೆಗೆ ತಣ್ಣಗೆ ಗಾಳಿ ಬೀಳುವ ಹಾಗೆ ಬೀಸಿಕೊಳ್ಳಿ. ಇದು ಸುಮ್ಮನೆ ಮನೆಮದ್ದಲ್ಲ. ಮುಖದ ಮೇಲೆ ತಂಪು ಗಾಳಿ ಬಿದ್ದರೆ ಅಲ್ಲಿನ ನರಗಳ ಮೂಲಕ ಮೆದುಳಿಗೆ ಸೂಚನೆ ಹೋಗಿ ಉಸಿರುಗಟ್ಟುವ ಭಾವನೆ ತಗ್ಗುತ್ತದೆ, ಪರೀಕ್ಷೆ ಮಾಡಿಯೇ ಕಂಡುಕೊಂಡಿದ್ದಾರೆ. ಏರು ಹತ್ತುವುದನ್ನು ಬಿಡಬೇಡಿ. ಹತ್ತು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಹತ್ತು ಹೆಜ್ಜೆ. ನಡೆದಷ್ಟೂ ಸುಸ್ತು ಕಡಿಮೆಯಾಗುತ್ತದೆ, ಮಲಗಿದಷ್ಟೂ ಜಾಸ್ತಿ.

ಆದರೆ ಇದನ್ನು ನೆನಪಿಡಿ. ಏದುಸಿರು ಇದ್ದಕ್ಕಿದ್ದಂತೆ ಹೊಸದಾಗಿ ಬಂದರೆ, ದಿನದಿಂದ ದಿನಕ್ಕೆ ಏರಿದರೆ, ಜೊತೆಗೆ ಜ್ವರವೋ ಒಣ ಕೆಮ್ಮೋ ಇದ್ದರೆ ಅದನ್ನು ಮನಸ್ಸಿನ ಭಯ ಅಂತ ತಳ್ಳಿಹಾಕಬೇಡಿ. ನಿಮ್ಮ ಥರದ ಮಾತ್ರೆಗಳಿಂದ ಅಪರೂಪಕ್ಕೆ ಶ್ವಾಸಕೋಶ ಊದಿಕೊಳ್ಳುವುದುಂಟು. ಅವತ್ತೇ ಡಾಕ್ಟರಿಗೆ ತಿಳಿಸಬೇಕು. ಹಾಗೆಯೇ ಬಿಡದ ತಲೆನೋವು, ವಾಂತಿ, ಫಿಟ್ಸ್, ಮಾತು ತೊದಲುವುದು, ಸ್ವಭಾವವೇ ಬದಲಾದ ಹಾಗೆ ಆಗುವುದು. ಇವುಗಳಿಗೂ ಕಾಯಬಾರದು.

ಈಗ ಮಗಳ ವಿಷಯ. ನಾನು ಇಲ್ಲಿ ನಿಮ್ಮ ನಿರ್ಧಾರವನ್ನು ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ನನ್ನ ಮುಂದೆ ಕೂತಿದ್ದಳು. ಸ್ಕಾಲರ್‌ಶಿಪ್ ಅರ್ಜಿಗೆ ಆಧಾರ್ ಕಾರ್ಡ್ ಹುಡುಕುತ್ತಾ ಬೀರು ತೆಗೆದಿದ್ದಾಳೆ. ಅಮ್ಮನ ರೇಷ್ಮೆ ಸೀರೆಗಳ ಕೆಳಗೆ ಬಯಾಪ್ಸಿ ಫೈಲ್ ಸಿಕ್ಕಿದೆ. ಅಲ್ಲೇ ನೆಲದ ಮೇಲೆ ಕೂತು ಒಬ್ಬಳೇ ಓದಿದ್ದಾಳೆ. ‘ಅಮ್ಮನಿಗೆ ಕ್ಯಾನ್ಸರ್ ಅನ್ನೋದಕ್ಕಿಂತ, ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲ ಅನ್ನೋದು ಜಾಸ್ತಿ ನೋವಾಯ್ತು ಮೇಡಂ’ ಅಂದಳು. ನಿಮ್ಮ ಮಗಳು ಚಿಕ್ಕವಳಲ್ಲ. ರಜಕ್ಕೆ ಬಂದಾಗ ನೀವು ಸೊರಗಿದ್ದು ನೋಡಿರುತ್ತಾಳೆ. ಟಿಬಿಗೆ ಬೆಂಗಳೂರಿಗೆ ಯಾಕೆ ಹೋಗುತ್ತಾರೆ ಅಂತ ಅವಳಿಗೂ ಅನ್ನಿಸಿರುತ್ತದೆ. ಗೊತ್ತಿಲ್ಲದೆ ಊಹೆ ಮಾಡಿಕೊಂಡು ಓದುವುದು ಗೊತ್ತಿದ್ದು ಓದುವುದಕ್ಕಿಂತ ಕಷ್ಟ.

ಪರೀಕ್ಷೆಯ ಹಿಂದಿನ ದಿನ ಹೇಳಿ ಅಂತಲ್ಲ. ಅವಳು ಮನೆಯಲ್ಲಿ ಎರಡು ಮೂರು ದಿನ ಇರುವಾಗ, ರಾತ್ರಿ ಅಲ್ಲ, ಬೆಳಿಗ್ಗೆ ರೊಟ್ಟಿ ತಟ್ಟುತ್ತಲೋ ತಲೆ ಬಾಚುತ್ತಲೋ ಹೇಳಿ. ಮುಖಕ್ಕೆ ಮುಖ ಕೊಟ್ಟು ಕೂತರೆ ಇಬ್ಬರಿಗೂ ಮಾತು ಬರುವುದಿಲ್ಲ. ‘ನನಗಿರೋದು ಟಿಬಿ ಅಲ್ಲ ಮಗಾ, ಶ್ವಾಸಕೋಶದ ಕ್ಯಾನ್ಸರ್. ಮಾತ್ರೆ ತಗೊಳ್ತಿದೀನಿ, ಮೊದಲಿಗಿಂತ ಚೆನ್ನಾಗಿದೀನಿ. ಮುಂದೆ ಏನೇ ಆದರೂ ಮೊದಲು ನಿನಗೆ ಹೇಳ್ತೀನಿ.’ ಇಷ್ಟು ಸಾಕು. ‘ಸತ್ತುಹೋಗ್ತೀಯಾ ಅಮ್ಮ’ ಅಂತ ಕೇಳಿದರೆ ಇಲ್ಲ ಅನ್ನಬೇಡಿ. ‘ಗೊತ್ತಿಲ್ಲ, ಈಗ ಇಲ್ಲೇ ಇದೀನಿ’ ಅನ್ನಿ. ಇಬ್ಬರೂ ಅತ್ತರೆ ಅತ್ತುಬಿಡಿ.

ಓರಗಿತ್ತಿಯ ಲೋಟ. ಕ್ಯಾನ್ಸರ್ ಅಂಟುವ ಕಾಯಿಲೆಯಲ್ಲ. ಲೋಟದಿಂದ, ತಟ್ಟೆಯಿಂದ, ಕೆಮ್ಮಿನಿಂದ ಹರಡುವುದಿಲ್ಲ. ಇದನ್ನು ನೀವು ಹೇಳಿದರೆ ಜಗಳವಾಗುತ್ತದೆ. ಅವರನ್ನೂ ಒಮ್ಮೆ ಆಸ್ಪತ್ರೆಗೆ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದ ಹೇಳಿಸಿ. ಅವರು ಕೆಟ್ಟವರಿರಲಿಕ್ಕಿಲ್ಲ. ಮೊದಲು ಟಿಬಿ ಅಂತ ಹೇಳಿದ್ದರು ಅಲ್ವಾ, ಆ ಹೆದರಿಕೆ ಇನ್ನೂ ಇರಬಹುದು.

ದುಃಖ ಬೇರೆ, ಖಿನ್ನತೆ ಬೇರೆ. ನೀವು ಅಳುತ್ತೀರಿ, ಊಟವನ್ನೂ ಮಾಡುತ್ತೀರಿ. ಅದು ದುಃಖ. ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕತ್ತಲಾಗಿದ್ದರೆ, ಯಾವುದರಲ್ಲೂ ಆಸೆಯೇ ಇಲ್ಲದಿದ್ದರೆ, ನಾನು ಇವರಿಗೆಲ್ಲ ಭಾರ ಅನ್ನಿಸಿದರೆ, ಬದುಕು ಸಾಕು ಅನ್ನುವ ಯೋಚನೆ ಬಂದರೆ ಅದಕ್ಕೆ ಚಿಕಿತ್ಸೆ ಬೇಕು. ಖಿನ್ನತೆಯಲ್ಲಿ ಜನ ಊಟ ಬಿಡುತ್ತಾರೆ, ಮಾತ್ರೆ ಬಿಡುತ್ತಾರೆ, ಆಸ್ಪತ್ರೆಗೆ ಹೋಗುವುದನ್ನು ಬಿಡುತ್ತಾರೆ. ಆಗ ಮನಸ್ಸಿನ ಕಷ್ಟ ಕಾಯಿಲೆಗೂ ತಾಗುತ್ತದೆ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ರಾತ್ರಿ ಮೂರು ಗಂಟೆಗೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ತಾಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಅಂತಲೂ ವಿಚಾರಿಸಿ. ಮನಸ್ಸಿಗೆ ಮಾತ್ರೆ ಕೊಟ್ಟರೆ ಕ್ಯಾನ್ಸರ್ ಮಾತ್ರೆಯ ಹೆಸರನ್ನೂ ತೋರಿಸಿ. ಎರಡೂ ಬಗೆಯ ಮಾತ್ರೆಗಳಲ್ಲಿ ಕೆಲವು ಎದೆಬಡಿತದ ಲಯವನ್ನು ಬದಲಿಸಬಲ್ಲವು, ಆಗ ಒಂದು ಇಸಿಜಿ ನೋಡಿಕೊಳ್ಳುತ್ತಾರೆ.

ಉಪಶಮನ ಚಿಕಿತ್ಸೆ ಅಂದಾಕ್ಷಣ ‘ಅಷ್ಟು ಕೈ ಮೀರಿಹೋಯ್ತಾ’ ಅಂತ ಜನ ಎದ್ದು ಹೋಗುತ್ತಾರೆ. ಹಾಗಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ, ನಿಮ್ಮ ಹಾಗೆ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕೆಲವರಿಗೆ ಕ್ಯಾನ್ಸರ್ ಚಿಕಿತ್ಸೆ ಮಾತ್ರ, ಕೆಲವರಿಗೆ ಅದರ ಜೊತೆಗೆ ಶುರುವಿನಿಂದಲೇ ಉಪಶಮನ ಚಿಕಿತ್ಸೆ. ಎರಡೂ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು, ದಿನಗಳು ಚೆನ್ನಾಗಿದ್ದವು. ಬದುಕಿದ ಕಾಲವೂ ಸ್ವಲ್ಪ ಹೆಚ್ಚೇ ಇತ್ತು. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ವಿಭಾಗವೇ ಇದೆ. ಮುಂದಿನ ಸಲ ಹೋದಾಗ ನೀವಾಗಿಯೇ ಕೇಳಿ.

ನಾಟಿ ಔಷಧಿ ತರಿಸೋಣ ಅಂತ ಮನೆಯಲ್ಲಿ ಯಾರಾದರೂ ಹೇಳಿರುತ್ತಾರೆ, ಮಲೆನಾಡಿನಲ್ಲಿ ಈ ಮಾತು ಬರದ ಮನೆಯಿಲ್ಲ. ಅವರ ಪ್ರೀತಿಯನ್ನು ನೋಯಿಸಬೇಡಿ. ಆದರೆ ತೊಗಟೆಯೋ ಕಷಾಯವೋ ನಿಮ್ಮ ಮಾತ್ರೆಯ ಜೊತೆ ಹೊಟ್ಟೆಯಲ್ಲಿ, ಲಿವರ್‌ನಲ್ಲಿ ಏನು ಮಾಡುತ್ತದೆ ಅಂತ ಹೇಳಲಾಗದು. ಡಾಕ್ಟರಿಗೆ ಹೇಳದೆ ಕುಡಿಯಬೇಡಿ. ಮಾತ್ರೆಯನ್ನಂತೂ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ.

ಕೊನೆಗೆ ಆ ಬಚ್ಚಲ ಒಲೆ. ಸೌದೆ ಹೊಗೆ ನಿಮ್ಮ ಶ್ವಾಸಕೋಶಕ್ಕೆ ಈಗ ಒಳ್ಳೆಯದಲ್ಲ. ನಾಳೆಯಿಂದ ಬೆಂಕಿ ಹಾಕುವ ಕೆಲಸ ಯಜಮಾನರದ್ದಾಗಲಿ. ಹೊಗೆಯ ನೆಪ ಇಲ್ಲದಿದ್ದರೆ ಎಲ್ಲಿ ಅಳಲಿ ಅಂತ ಕೇಳುತ್ತೀರೇನೋ. ಜಗಲಿಯಲ್ಲಿ ಕೂತು ಅಳಿ. ನೀರು ಕಾದ ಮೇಲೆ ಅವರೂ ಬಂದು ಪಕ್ಕದಲ್ಲಿ ಕೂರಲಿ.